ಹಾಡು ಶಾಲೆಯೊಳಗೆ ಬಂದ ದಾರಿ

ಚಿಂತಾಮಣಿಯಿಂದ ಕೈವಾರದ ಕಡೆಗೆ ಹೊರಟವರಿಗೆ ಅಂಬಾಜಿದುರ್ಗದ ಬೆಟ್ಟ ಬಹಳ ಹೊತ್ತು ಜೊತೆಗಿರುತ್ತದೆ. ಇತಿಹಾಸದ ಪುಸ್ತಕಗಳಲ್ಲಿ ಈ ಬೆಟ್ಟಕ್ಕೆ ಸಿಕ್ಕಿರುವುದು ಒಂದೆರಡು ಸಾಲಿನ ಜಾಗ ಮಾತ್ರ. ಮೂರನೇ ಮೈಸೂರು ಯುದ್ಧದ ಹೊತ್ತಿನಲ್ಲಿ ಇದು ಟಿಪ್ಪು ಸುಲ್ತಾನರ ಕೈಯಲ್ಲಿದ್ದ ಗಿರಿದುರ್ಗ. 1791ರಲ್ಲಿ, ನಂದಿದುರ್ಗ ಬೀಳುವುದಕ್ಕೆ ಸ್ವಲ್ಪ ಮುಂಚೆ, ನೆರೆಯ ರಹಮಾನ್‌ಗಡದ ಹಿಂದೆಯೇ ಇದೂ ಇಂಗ್ಲಿಷರ ವಶವಾಯಿತು. ಕೋಟೆಯ ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ಈ ಬೆಟ್ಟದ ಸುತ್ತಲಿನ ಊರುಗಳಿಗೆ ಇನ್ನೊಂದು ಇತಿಹಾಸವೂ ಇದೆ. ಅದು ಹಾಡಿನದು.

ಬೆಟ್ಟದ ಒಂದು ಮಗ್ಗುಲಿಗೆ ಕೈವಾರ. ಊರೂರು ಸುತ್ತಿ ಬಳೆ ಮಾರುತ್ತಿದ್ದ ನಾರೇಯಣ ಯೋಗಿ, ಜನರ ಬಾಯಲ್ಲಿ ಕೈವಾರ ತಾತಯ್ಯ, ತೆಲುಗಿನಲ್ಲೂ ಕನ್ನಡದಲ್ಲೂ ತತ್ವಪದ ಕಟ್ಟಿ ಹಾಡಿದ್ದು ಇಲ್ಲಿ. ಅವರ ಬದುಕಿನ ಕಾಲವನ್ನು ಪರಂಪರೆ 1726ರಿಂದ 1836 ಎಂದು ಹೇಳುತ್ತದೆ. ಹಾಗಿದ್ದರೆ ಅಂಬಾಜಿದುರ್ಗದ ಮೇಲೆ ತೋಪು ಹಾರಿದಾಗಲೂ ಅವರು ಈ ಸೀಮೆಯಲ್ಲಿ ಪದ ಹಾಡುತ್ತಿದ್ದರು ಎಂದಾಯಿತು. ಈಗಲೂ ಗುರುಪೂರ್ಣಿಮೆಯ ಹೊತ್ತಿಗೆ ಕೈವಾರದಲ್ಲಿ 72 ಗಂಟೆ ಎಡೆಬಿಡದೆ ಸಂಗೀತ ನಡೆಯುತ್ತದೆ. ಇದೇ ತಾಲೂಕಿನ ಮುರುಗಮಲ್ಲದಲ್ಲಿ ಮುಕ್ತೀಶ್ವರ ದೇವಾಲಯವೂ ಇದೆ, ದರ್ಗಾವೂ ಇದೆ. ಅಲ್ಲಿಗೆ ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ ಮತದವರೂ ಇದ್ದಾರೆ. ಭಜನೆ, ತತ್ವಪದ, ಕೋಲಾಟದ ಪದ, ಉರುಸಿನ ಕವ್ವಾಲಿ, ಮದುವೆ ಮನೆಯ ಹೆಂಗಸರ ಹಾಡು, ಇವೆಲ್ಲವನ್ನೂ ಒಟ್ಟಿಗೆ ಕೇಳಿಸಿಕೊಂಡೇ ಇಲ್ಲಿನ ಮಕ್ಕಳು ಬೆಳೆಯುತ್ತಾರೆ. ಮನೆಯಲ್ಲಿ ತೆಲುಗೋ ದಖನಿಯೋ, ಬೀದಿಯಲ್ಲಿ ಎರಡರ ಬೆರಕೆ, ಶಾಲೆಯಲ್ಲಿ ಕನ್ನಡ.

ಇಷ್ಟು ಹಾಡು ಕೇಳಿ ಬೆಳೆದ ಮಗು ಶಾಲೆಗೆ ಬಂದಾಗ ಅಲ್ಲಿ ಅದಕ್ಕೆ ಏನು ಸಿಗುತ್ತದೆ? ಬೆಳಗಿನ ಪ್ರಾರ್ಥನೆ, ನಾಡಗೀತೆ, ರಾಷ್ಟ್ರಗೀತೆ. ಆಗಸ್ಟ್ 15ಕ್ಕೋ ವಾರ್ಷಿಕೋತ್ಸವಕ್ಕೋ ಧ್ವನಿಪೆಟ್ಟಿಗೆಯಲ್ಲಿ ಸಿನಿಮಾ ಹಾಡು ಹಾಕಿ ಒಂದು ಕುಣಿತ. ಹೆಚ್ಚಿನ ಹಳ್ಳಿ ಶಾಲೆಗಳಲ್ಲಿ ಸಂಗೀತ ಎಂದರೆ ಇಷ್ಟೇ. ‘ಲೆಕ್ಕ, ವಿಜ್ಞಾನ, ಇಂಗ್ಲಿಷು ಬರದೆ ಮಕ್ಕಳು ಒದ್ದಾಡುತ್ತಿರುವಾಗ ಸಂಗೀತ ಯಾರಿಗೆ ಬೇಕು?’ ಎಂದು ಪಾಲಕರೂ ಕೇಳುತ್ತಾರೆ, ಅಧಿಕಾರಿಗಳೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಹುಡುಕುವ ಮೊದಲು ಸಂಗೀತ ಶಾಲೆಯೊಳಗೆ ಹೇಗೆ ಬಂತು, ಯಾರು ತಂದರು, ಯಾರು ಹೊರಗೇ ಉಳಿದರು ಎಂಬುದನ್ನು ತಿಳಿಯಬೇಕು. ಆ ಕಥೆಯಲ್ಲಿ ಕನ್ನಡ ನಾಡಿಗೆ ದೊಡ್ಡ ಪಾಲಿದೆ.

ಮನೆತನದ ಆಸ್ತಿ

ಶಾಸ್ತ್ರೀಯ ಸಂಗೀತ ಎಂದು ನಾವು ಇಂದು ಕರೆಯುವ ವಿದ್ಯೆ ನೂರೈವತ್ತು ವರ್ಷಗಳ ಹಿಂದೆ ಬಹುಮಟ್ಟಿಗೆ ಮನೆತನದ ಆಸ್ತಿಯಾಗಿತ್ತು. ಉತ್ತರದಲ್ಲಿ ಉಸ್ತಾದರ ಘರಾಣೆಗಳು, ದಕ್ಷಿಣದಲ್ಲಿ ವಿದ್ವಾಂಸರ ಮನೆತನಗಳು ಮತ್ತು ನಾಗಸ್ವರದ ಕುಲಗಳು. ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ವಿದ್ಯೆ ಹೋಗುತ್ತಿತ್ತು. ಹೊರಗಿನವನು ಕಲಿಯಬೇಕಾದರೆ ವರ್ಷಗಟ್ಟಲೆ ಗುರುವಿನ ಮನೆಯಲ್ಲಿ ನೀರು ಹೊತ್ತು, ಸೌದೆ ಒಡೆದು ಕಾಯಬೇಕಿತ್ತು. ಕಾದರೂ ಗುರು ಎಲ್ಲವನ್ನೂ ಕೊಡುತ್ತಾನೆಂಬ ಭರವಸೆ ಇರಲಿಲ್ಲ. ಹೆಣ್ಣುಮಕ್ಕಳ ವಿಷಯ ಇನ್ನೂ ಕಠಿಣ. ಹಾಡುವ, ಕುಣಿಯುವ ವಿದ್ಯೆಯನ್ನು ವೃತ್ತಿಯಾಗಿ ಉಳಿಸಿಕೊಂಡು ಬಂದ ಹೆಂಗಸರನ್ನು ಸಮಾಜ ಕೇಳಿ ಆನಂದಿಸುತ್ತಿತ್ತು, ಗೌರವಿಸುತ್ತಿರಲಿಲ್ಲ. ಮರ್ಯಾದಸ್ಥರ ಮನೆಯ ಹುಡುಗಿ ಸಭೆಯಲ್ಲಿ ಹಾಡುವುದೆಂದರೆ ಊಹಿಸಲೂ ಆಗದ ಮಾತಾಗಿತ್ತು.

ಈ ವ್ಯವಸ್ಥೆಯನ್ನು ಪೂರ್ತಿ ಹಳಿಯುವುದು ಸರಿಯಲ್ಲ. ರಾಜಾಶ್ರಯ ಇದ್ದಾಗಲೂ ಇಲ್ಲದಾಗಲೂ ಈ ವಿದ್ಯೆಯನ್ನು ಹಸಿದ ಹೊಟ್ಟೆಯಲ್ಲಿ ಕಾಪಾಡಿದವರು ಈ ಮನೆತನಗಳವರೇ. ಆದರೆ ಇಲ್ಲಿ ಕಲಿಯುವವನ ಹುಟ್ಟು ಅವನ ಕಂಠಕ್ಕಿಂತ ಮುಖ್ಯವಾಗಿತ್ತು. ಶಾಲೆ ಬಂದು ಮುರಿಯಬೇಕಾಗಿದ್ದುದು ಇದನ್ನೇ.

ಮೈಸೂರಿನಿಂದ ಬರೋಡೆಗೆ

1881ರಲ್ಲಿ ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾಯಿತು. ಅರಮನೆಯ ಆಶ್ರಯದಲ್ಲಿ ಅದನ್ನು ಕಟ್ಟಿದವರು ಅಂಬಳೆ ನರಸಿಂಹ ಅಯ್ಯಂಗಾರರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಲು ಜನ ಹಿಂಜರಿಯುತ್ತಿದ್ದ ಕಾಲ ಅದು. ಆ ಶಾಲೆಯ ಪಾಠಗಳಲ್ಲಿ ಓದು, ಬರಹದ ಜೊತೆಗೆ ಸಂಗೀತವೂ ಸೇರಿತ್ತು. ಅರಮನೆಯ ಸಭೆಯಲ್ಲಿ ಕೇಳಿಬರುತ್ತಿದ್ದ ವೀಣೆ ಹೀಗೆ ಹುಡುಗಿಯರ ತರಗತಿಗೆ ಬಂತು. ಸಂಗೀತ ಹೇಳಿಕೊಡುತ್ತಾರೆ ಎಂಬುದು ಹೆತ್ತವರ ಅಳುಕನ್ನು ಕಡಿಮೆ ಮಾಡಿರಲಿಕ್ಕೂ ಸಾಕು. ಮೊದಲ ದಿನಗಳಲ್ಲಿ ಈ ಶಾಲೆ ಮೇಲುಜಾತಿಯ ಹುಡುಗಿಯರಿಗಾಗಿಯೇ ಇತ್ತು ಎಂಬುದನ್ನೂ ಇದರ ಜೊತೆಗೇ ಹೇಳಬೇಕು. ಬಾಗಿಲು ತೆರೆದದ್ದು ನಿಜ, ಆದರೆ ಅದು ಕಿರಿದಾದ ಬಾಗಿಲು.

ಇದೇ ಹೊತ್ತಿನಲ್ಲಿ ಮೈಸೂರಿನ ಋಣ ಹೊತ್ತ ಒಬ್ಬ ಉಸ್ತಾದರು ದೂರದ ಬರೋಡೆಯಲ್ಲಿ ಇನ್ನೂ ದೊಡ್ಡದೊಂದು ಕೆಲಸಕ್ಕೆ ಕೈಹಾಕಿದರು. ಅವರ ಹೆಸರು ಮೌಲಾ ಬಕ್ಷ್. 1833ರಲ್ಲಿ ಹುಟ್ಟಿದ ಇವರು ಹಿಂದೂಸ್ತಾನಿ ಸಂಗೀತದಲ್ಲಿ ಪಳಗಿ, ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರಿಗೆ ಬಂದರು. ಇಲ್ಲಿನ ಕರ್ನಾಟಕ ಸಂಗೀತವನ್ನು ಕಂಡು ಬೆರಗಾಗಿ, ಅದನ್ನೂ ಕಲಿಯಲು ಹೊರಟರು. ಹೊರಗಿನವರಾದ ಅವರಿಗೆ ಆ ವಿದ್ಯೆ ಸುಲಭವಾಗಿ ದಕ್ಕಲಿಲ್ಲ. ಆದರೂ ಬಿಡದೆ ಕಲಿತರು. ಮೈಸೂರಿನ ದರ್ಬಾರು ಅವರಿಗೆ ದೊಡ್ಡ ಮರ್ಯಾದೆಗಳನ್ನು ಕೊಟ್ಟಿತು. ಅವರ ಪತ್ನಿ ಟಿಪ್ಪು ಸುಲ್ತಾನರ ವಂಶದವರು ಎಂದು ಅವರ ಕುಟುಂಬದಲ್ಲಿ ಹೇಳಿಕೊಂಡು ಬಂದಿದ್ದಾರೆ.

ವಿದ್ಯೆಗಾಗಿ ಬಾಗಿಲು ಬಾಗಿಲು ತಟ್ಟಿದ್ದ ಮೌಲಾ ಬಕ್ಷರು 1886ರಲ್ಲಿ, ಮೂರನೇ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ, ಬರೋಡೆಯಲ್ಲಿ ಗಾಯನಶಾಲೆ ತೆರೆದರು. ಸಂಸ್ಥಾನದ ಹಣದಿಂದ ನಡೆಯುವ, ಸಾರ್ವಜನಿಕರ ಮಕ್ಕಳು ಬಂದು ಕೂತು ಕಲಿಯಬಹುದಾದ ಸಂಗೀತ ಶಾಲೆ. ನಮ್ಮ ದೇಶದಲ್ಲಿ ಇಂಥ ಪ್ರಯತ್ನಗಳಲ್ಲಿ ಇದು ಬಹಳ ಮೊದಲಿನದು. ಮೌಲಾ ಬಕ್ಷರು ಅಷ್ಟಕ್ಕೆ ನಿಲ್ಲಲಿಲ್ಲ. ಸ್ವರವನ್ನು ಬರೆದಿಡುವ ಕ್ರಮವೊಂದನ್ನು ರೂಪಿಸಿ, ಅದರಲ್ಲಿ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಅಚ್ಚು ಹಾಕಿಸಿದರು. ಘರಾಣೆಯ ಉಸ್ತಾದರೊಬ್ಬರು ವಿದ್ಯೆಯನ್ನು ಕಾಗದದ ಮೇಲಿಟ್ಟು ‘ಯಾರು ಬೇಕಾದರೂ ಓದಿಕೊಳ್ಳಿ’ ಎಂದರೆ, ಅದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅವರು ತೀರಿಕೊಂಡದ್ದು 1896ರಲ್ಲಿ. ಆ ಗಾಯನಶಾಲೆಯೇ ಬೆಳೆದು ಇಂದು ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ನಿಕಾಯವಾಗಿದೆ. ಸೂಫಿ ಚಿಂತನೆಯನ್ನು ಯುರೋಪು, ಅಮೆರಿಕಗಳಿಗೆ ಒಯ್ದ ಹಜ್ರತ್ ಇನಾಯತ್ ಖಾನರು ಈ ಮೌಲಾ ಬಕ್ಷರ ಮೊಮ್ಮಗ.

ಇದಾದ ಮೇಲೆ 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಕಟ್ಟಿದರು. 1913ರಲ್ಲಿ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಪುಣೆಯಲ್ಲಿ ಆರ್ಯ ಸಂಗೀತ ವಿದ್ಯಾಲಯ ತೆರೆದರು. ಆ ಹೆಸರನ್ನು ಇಟ್ಟದ್ದು ಒಬ್ಬ ಮುಸ್ಲಿಂ ಉಸ್ತಾದರು ಎಂಬುದನ್ನು ಇಂದಿನ ನಮ್ಮ ಯುವಕರು ಗಮನಿಸಬೇಕು. ಸಂಗೀತ ಯಾರದು ಎಂಬ ಜಗಳ ಅವರಿಗೆ ಇರಲಿಲ್ಲ. ಯಾರಿಗೆ ಕಲಿಸಬೇಕು ಎಂಬ ಚಿಂತೆ ಇತ್ತು.

ಧಾರವಾಡ, ಗದಗ, ಬೆಳಗಾವಿ

ಅಬ್ದುಲ್ ಕರೀಂ ಖಾನರು ಮೈಸೂರಿಗೂ ಧಾರವಾಡ, ಹುಬ್ಬಳ್ಳಿಗಳಿಗೂ ಬಂದು ಹೋಗುತ್ತಿದ್ದರು. ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವರೆಂದು ಹೆಸರಾದವರು, ಅವರ ಶಿಷ್ಯರಾದರು. ಬಂದೇ ಅಲಿ ಖಾನರ ಶಿಷ್ಯರಾಗಿದ್ದ ಸಿತಾರ್ ವಾದಕ ರಹಿಮತ್ ಖಾನರಂತೂ ಧಾರವಾಡದಲ್ಲೇ ನೆಲೆಸಿ, 1931ರಲ್ಲಿ ಭಾರತೀಯ ಸಂಗೀತ ವಿದ್ಯಾಲಯ ಸ್ಥಾಪಿಸಿದರು. ಅವರ ಮಗ, ಮೊಮ್ಮಕ್ಕಳು ಆ ಕೆಲಸವನ್ನು ಮುಂದುವರಿಸಿದರು. ಮೊಮ್ಮಗ ಬಾಲೆ ಖಾನರು 2007ರಲ್ಲಿ ತೀರಿಕೊಳ್ಳುವವರೆಗೂ ಧಾರವಾಡವೇ ಅವರ ಮನೆಯಾಗಿತ್ತು. ಕನ್ನಡ ನಾಡಿನಲ್ಲಿ ಸಿತಾರ್ ಕೈಗೆತ್ತಿಕೊಂಡ ಅದೆಷ್ಟೋ ಮಧ್ಯಮವರ್ಗದ ಮಕ್ಕಳ ಮೊದಲ ಗುರುಗಳು ಈ ಮನೆಯವರು.

ಗದಗಿನ ವೀರೇಶ್ವರ ಪುಣ್ಯಾಶ್ರಮದ್ದು ಇನ್ನೊಂದು ಬಗೆಯ ಸಾಹಸ. ಹಾನಗಲ್ಲ ಕುಮಾರ ಶಿವಯೋಗಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರು ಕುರುಡ ಮಕ್ಕಳನ್ನೂ ದಿಕ್ಕಿಲ್ಲದ ಬಡ ಮಕ್ಕಳನ್ನೂ ಕೂಡಿಸಿಕೊಂಡು, ಊರಿಂದೂರಿಗೆ ಅಲೆದು, ಭಿಕ್ಷೆಯ ಅನ್ನ ಹಾಕಿ ಸಂಗೀತ ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು ಆ ಹೊರೆ ಹೊತ್ತರು. ಅವರಿಗೂ ಕಣ್ಣಿರಲಿಲ್ಲ. ಆಶ್ರಮದ ಒಲೆ ಉರಿಯಲೆಂದು ನಾಟಕ ಕಂಪನಿಯನ್ನೇ ನಡೆಸಿದರು. 2010ರಲ್ಲಿ ಅವರು ತೀರಿಕೊಂಡಾಗ ಗದಗಿಗೆ ಹರಿದುಬಂದ ಜನಸಾಗರವನ್ನು ನೋಡಿದವರು ಮರೆತಿರಲಾರರು. ಪಠ್ಯಪುಸ್ತಕ ಓದಲಾಗದ ಮಗುವಿಗೆ ಆ ಕಾಲದ ಸಾಮಾನ್ಯ ಶಾಲೆಯಲ್ಲಿ ಏನೂ ಇರಲಿಲ್ಲ. ಸಂಗೀತದ ಶಾಲೆ ಅಂಥ ಮಗುವಿಗೆ ಕಸುಬು ಕೊಟ್ಟಿತು, ತಲೆ ಎತ್ತಿ ನಿಲ್ಲುವ ಮರ್ಯಾದೆ ಕೊಟ್ಟಿತು.

ಇನ್ನು 1924ರ ಬೆಳಗಾವಿ. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ್ದ ಏಕೈಕ ಕಾಂಗ್ರೆಸ್ ಅಧಿವೇಶನ. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊದಲು ಕೇಳಿಬಂದದ್ದು ಅಲ್ಲಿ. ಆ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಶಾಲಾ ಬಾಲಕಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿ ಇದ್ದರು. ಮುಂದೆ ಜಗತ್ತಿಗೆ ಗಂಗೂಬಾಯಿ ಹಾನಗಲ್ ಎಂದು ಗೊತ್ತಾದವರು. ಹಾಡುಗಾರ್ತಿಯರ ಮನೆತನದ ಹುಡುಗಿ. ಎಲ್ಲರೆದುರು ಹಾಡಿದ ಹೆಮ್ಮೆಯ ಜೊತೆಗೇ ಅವರಿಗೆ ಆ ದಿನ ಒಂದು ಭಯವೂ ಇತ್ತು. ಊಟವಾದ ಮೇಲೆ ಜಾತಿ ನೋಡಿ ತನ್ನನ್ನು ಎಲೆ ಎತ್ತಲು ಹೇಳಿಯಾರೋ ಎಂಬ ಭಯ. ಅವರು ಅದನ್ನು ಮುಪ್ಪಿನಲ್ಲೂ ಮರೆಯಲಿಲ್ಲ.

ಈ ಘಟನೆಯನ್ನು ಸ್ವಲ್ಪ ನಿಂತು ನೋಡಬೇಕು. ಆ ಹುಡುಗಿಗೆ ಹಾಡು ಬಂದದ್ದು ತಾಯಿಯಿಂದ. ಆದರೆ ಅದೇ ಹಾಡನ್ನು ಬೇರೆ ಜಾತಿಯ ಹುಡುಗಿಯರ ಸಾಲಿನಲ್ಲಿ ನಿಂತು, ದೇಶದ ನಾಯಕರ ಮುಂದೆ ಹಾಡುವ ಅವಕಾಶ ಬಂದದ್ದು ಶಾಲೆಯ ಮೂಲಕ. ಮನೆಯಲ್ಲಿ ಅವಳು ಹಾಡುವವರ ಮಗಳು. ಆ ಸಾಲಿನಲ್ಲಿ ಅವಳೊಬ್ಬಳು ವಿದ್ಯಾರ್ಥಿನಿ. ಐದನೇ ತರಗತಿಗೆ ಅವರ ಓದು ನಿಂತಿತು. ಇಂದು ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರಿದೆ.

ಶಾಲೆಯಲ್ಲಿ ಇದು ಇಲ್ಲದೇ ಹೋದರೆ ಏನಾಗುತ್ತದೆ ಎಂಬುದಕ್ಕೂ ಗದಗಿನಲ್ಲೇ ಉದಾಹರಣೆ ಇದೆ. ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯನ್ನು ಅಂಗಡಿಯ ಗ್ರಾಮಫೋನಿನಲ್ಲಿ ಕೇಳಿ ಮರುಳಾದ ಹುಡುಗನೊಬ್ಬ 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿಹೋದ. ಟಿಕೆಟಿಲ್ಲದೆ ರೈಲು ಹತ್ತಿ ಉತ್ತರ ಹಿಂದೂಸ್ತಾನವನ್ನೆಲ್ಲ ಅಲೆದ. ಅವನೇ ಭೀಮಸೇನ ಜೋಶಿ. ಅವನ ತಂದೆ ಗುರುರಾಜ ಜೋಶಿಯವರು ಶಾಲಾ ಮೇಷ್ಟ್ರು, ಕನ್ನಡದ ವಿದ್ವಾಂಸರು. ಮೇಷ್ಟ್ರ ಮಗನಿಗೂ ತನಗೆ ಬೇಕಾದ ವಿದ್ಯೆ ಶಾಲೆಯಲ್ಲಿ ಸಿಗಲಿಲ್ಲ. ಭೀಮಸೇನರು ಓಡಿಹೋಗಿ ಗೆದ್ದರು. ಹಾಗೆ ಓಡಿಹೋಗಲಾರದ ಮಕ್ಕಳು ಎಷ್ಟು ಮಂದಿ? ಹೆಣ್ಣುಮಕ್ಕಳಿಗಂತೂ ಆ ದಾರಿಯೂ ಇರಲಿಲ್ಲ.

ಗೌರಿಬಿದನೂರಿನ ಮೇಷ್ಟ್ರು

ಮತ್ತೆ ನಮ್ಮ ಬೆಟ್ಟದ ಸೀಮೆಗೆ ಬರೋಣ. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದುವುದಕ್ಕಾಗಿ ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಬಸ್ಸಿಗೆ ಕೊಡಲು ಕಾಸಿರಲಿಲ್ಲ. 1936ರಲ್ಲಿ ಗಾಂಧೀಜಿ ನ್ಯಾಷನಲ್ ಹೈಸ್ಕೂಲಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ ಹುಡುಗ ಇವರೇ. 1942ರ ಚಳವಳಿಯಲ್ಲಿ ಜೈಲು ಕಂಡರು. ಅಮೆರಿಕಕ್ಕೆ ಹೋಗಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದ ಮೇಲೂ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ, ಖಾದಿಯಲ್ಲೇ, ಒಂಟಿಯಾಗಿ ಬದುಕಿದರು. ಪವಾಡಗಳನ್ನು ಪ್ರಶ್ನಿಸಿದ ವಿಚಾರವಾದಿ ಎಂದೇ ನಾಡು ಅವರನ್ನು ನೆನೆಯುತ್ತದೆ.

ಅವರ ಇನ್ನೊಂದು ಕೆಲಸ ಅಷ್ಟು ನೆನಪಿನಲ್ಲಿಲ್ಲ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಅವರು ಅಲ್ಲಿ ಸಂಗೀತ, ನೃತ್ಯ, ನಾಟಕಗಳ ವಿಭಾಗವನ್ನು ತೆರೆದರು. ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಅದೇ ಕೈ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಕಟ್ಟಿತು. ವಿಜ್ಞಾನದ ಮೇಷ್ಟ್ರಿಗೆ ಸಂಗೀತದ ಗೊಡವೆ ಏಕೆ ಎಂದು ಕೇಳಿದವರೂ ಇದ್ದಿರಬೇಕು. ಅವರಿಗೆ ಇವೆರಡೂ ಒಂದೇ ಶಿಕ್ಷಣದ ಎರಡು ಭಾಗವಾಗಿ ಕಂಡಿದ್ದವು. ಬೆಂಗಳೂರಿನಲ್ಲೇ ಕೂರದೆ ಗೌರಿಬಿದನೂರು, ಬಾಗೇಪಲ್ಲಿಯಂಥ ಬರದ ಸೀಮೆಗೆ ನ್ಯಾಷನಲ್ ಸಂಸ್ಥೆಯ ಕಾಲೇಜುಗಳನ್ನು ತಂದವರೂ ಅವರೇ. 2005ರ ಜನವರಿ 31ರಂದು ಅವರು ತೀರಿಕೊಂಡರು.

ನಡೆದುಕೊಂಡು ಬೆಂಗಳೂರಿಗೆ ಹೋದ ಹುಡುಗ ಸಂಗೀತಕ್ಕೆ ವಿಶ್ವವಿದ್ಯಾಲಯದ ಪದವಿ ಕೊಟ್ಟ. ಆದರೆ ಅದೇ ಸೀಮೆಯ ಹಳ್ಳಿ ಶಾಲೆಗೆ ಸಂಗೀತದ ಮೇಷ್ಟ್ರು ಇನ್ನೂ ನಡೆದು ಬಂದಿಲ್ಲ. ಇದು ನಮ್ಮ ಸಂಗೀತ ಶಿಕ್ಷಣದ ದೊಡ್ಡ ವಿಪರ್ಯಾಸ. ಮೇಲೆ ವಿಶ್ವವಿದ್ಯಾಲಯವಿದೆ, ಕೆಳಗೆ ಮೆಟ್ಟಿಲೇ ಇಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳನ್ನು ರಾಜ್ಯದ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ದಶಕಗಳ ಕಾಲ ನಡೆಸಿತು. ಅವಕ್ಕೆ ಕೂರುವ ಮಕ್ಕಳು ಕಲಿತದ್ದು ಹೆಚ್ಚಾಗಿ ಮನೆಪಾಠದಲ್ಲಿ, ಶುಲ್ಕ ಕೊಟ್ಟು. ಸಂಗೀತ ಒಮ್ಮೆ ಮನೆತನದ ಆಸ್ತಿಯಾಗಿತ್ತು. ಈಗ ಅದು ಶುಲ್ಕ ಕೊಡಬಲ್ಲವರ ಆಸ್ತಿಯಾಗುತ್ತಿದೆ.

ನೂರು ಎಂಬ ಸಂಖ್ಯೆ

ಕಾನೂನು ಏನು ಹೇಳುತ್ತದೆ ನೋಡಿ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲಾ ಶಿಕ್ಷಣವನ್ನು ಕಡ್ಡಾಯ ವಿಷಯವನ್ನಾಗಿ ಮಾಡಬೇಕು ಎಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆರರಿಂದ ಎಂಟನೇ ತರಗತಿಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಇರಬೇಕೆಂದಿದೆ. ಆದರೆ ಒಂದು ಷರತ್ತು: ಮಕ್ಕಳ ಸಂಖ್ಯೆ ನೂರಕ್ಕಿಂತ ಹೆಚ್ಚಿರಬೇಕು. ಬೆಟ್ಟದ ತಪ್ಪಲಿನ ಸಣ್ಣ ಊರಿನ ಶಾಲೆಗಳಲ್ಲಿ ನೂರು ಮಕ್ಕಳು ಎಲ್ಲಿಂದ ಬರಬೇಕು? ಅನುಕೂಲ ಇದ್ದವರು ಮಕ್ಕಳನ್ನು ಪೇಟೆಯ ಖಾಸಗಿ ಶಾಲೆಯ ವ್ಯಾನು ಹತ್ತಿಸುತ್ತಾರೆ. ಹಳ್ಳಿಯ ಶಾಲೆಯಲ್ಲಿ ಉಳಿಯುವವರು ಕೂಲಿಯವರ, ಸಣ್ಣ ರೈತರ, ರೇಷ್ಮೆ ಬಿಚ್ಚುವವರ ಮಕ್ಕಳು. 2020ರ ಶಿಕ್ಷಣ ನೀತಿಯೂ ಕಲೆ ಮತ್ತು ವಿಜ್ಞಾನದ ನಡುವೆ ಗೋಡೆ ಬೇಡ ಎಂದಿದೆ. ಗೋಡೆ ಬೇಡ, ಸರಿ. ಮೇಷ್ಟ್ರು ಬೇಕಲ್ಲ?

ಇನ್ನೊಂದು ಸಂಗತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶಿಕ್ಷಕರೇ ಮುಂದೆ ನಿಂತು ಆರಂಭಿಸಿದ ‘ನಲಿ-ಕಲಿ’ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಹಾಡು, ಆಟ, ಕಥೆಗಳ ಮೂಲಕವೇ ಪಾಠ. ಮನೆಯಲ್ಲಿ ತೆಲುಗು ಅಥವಾ ದಖನಿ ಮಾತಾಡುವ ಮಗುವಿನ ನಾಲಿಗೆಯ ಮೇಲೆ ಕನ್ನಡ ಮೊದಲು ಕೂರುವುದು ಇಂಥ ಹಾಡಿನ ಮೂಲಕವೇ. ಆದರೆ ಈ ಪದ್ಧತಿ ಇರುವುದು ಒಂದರಿಂದ ಮೂರನೇ ತರಗತಿಯವರೆಗೆ. ನಾಲ್ಕಕ್ಕೆ ಬಂದ ಮಗುವಿನ ಎದುರು ಹಾಡು ನಿಂತು ಪುಸ್ತಕ ಮಾತ್ರ ಉಳಿಯುತ್ತದೆ. ಸ್ವರ, ತಾಳವನ್ನು ಕ್ರಮವಾಗಿ ಕಲಿಯಬಲ್ಲ ವಯಸ್ಸು ಬಂದಾಗಲೇ ನಾವು ಹಾಡನ್ನು ಕಸಿದುಕೊಳ್ಳುತ್ತೇವೆ.

ವರ್ಷಕ್ಕೊಮ್ಮೆ ‘ಪ್ರತಿಭಾ ಕಾರಂಜಿ’ ಬರುತ್ತದೆ. ಲಘು ಸಂಗೀತ, ಜನಪದ ಗೀತೆ, ಗಜಲ್, ಕವ್ವಾಲಿ ಎಲ್ಲಕ್ಕೂ ಸ್ಪರ್ಧೆ ಇದೆ. ಬಹುಮಾನವೂ ಇದೆ. ಕಲಿಸದೇ ಪರೀಕ್ಷೆ ಮಾಡುವ ಪದ್ಧತಿ ಬೇರೆ ಯಾವ ವಿಷಯದಲ್ಲಿದೆ? ಪೇಟೆಯಲ್ಲಿ ಮನೆಪಾಠಕ್ಕೆ ಹೋಗುವ ಮಗುವಿಗೂ ಮುರುಗಮಲ್ಲದ ಕಡೆಯ ಹಳ್ಳಿಯ ಮಗುವಿಗೂ ಒಂದೇ ವೇದಿಕೆ. ನಾಡಗೀತೆಯ ವಿಷಯದಲ್ಲೂ ಹೀಗೇ ಆಯಿತು. 2004ರಲ್ಲಿ ಕುವೆಂಪು ಅವರ ಕವಿತೆ ನಾಡಗೀತೆಯಾಯಿತು. ಯಾವ ಧಾಟಿ, ಎಷ್ಟು ಹೊತ್ತು ಎಂಬ ವಾದ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಎರಡೂವರೆ ನಿಮಿಷ ಎಂದು ನಿಗದಿ ಮಾಡಿತು. ಆ ಧಾಟಿಯನ್ನು ಶ್ರುತಿಗೆ ಸೇರಿಸಿ ಮಕ್ಕಳಿಗೆ ಕಲಿಸುವವರು ಯಾರು ಎಂಬ ಪ್ರಶ್ನೆ ಆ ವಾದದಲ್ಲಿ ಹೆಚ್ಚು ಕೇಳಿಬರಲಿಲ್ಲ.

ಎರಡು ಅಳುಕುಗಳು

ಸಂಗೀತ ಕಲಿತರೆ ಬುದ್ಧಿ ಚುರುಕಾಗುತ್ತದೆ, ಅಂಕ ಹೆಚ್ಚುತ್ತದೆ ಎಂದು ಕೆಲವರು ಪ್ರಚಾರ ಮಾಡುತ್ತಾರೆ. ಇದನ್ನು ಎಚ್ಚರದಿಂದ ನೋಡಬೇಕು. 1993ರಲ್ಲಿ ಅಮೆರಿಕದಲ್ಲಿ 36 ಮಂದಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಮೊಜಾರ್ಟನ ಸಂಗೀತ ಕೇಳಿದ ಮೇಲೆ ಒಂದು ಬಗೆಯ ಪರೀಕ್ಷೆಯಲ್ಲಿ ಹತ್ತು ಹದಿನೈದು ನಿಮಿಷ ಕೊಂಚ ಮೇಲುಗೈ ಕಂಡಿತು. ಅಷ್ಟನ್ನೇ ಹಿಡಿದು ಜಗತ್ತಿನಾದ್ಯಂತ ಕಂಪನಿಗಳು ‘ಮಕ್ಕಳನ್ನು ಜಾಣರಾಗಿಸುವ’ ಸಂಗೀತ ಮಾರಿದವು. ನಮಗೆ ಅಂಥ ಸುಳ್ಳು ಆಸರೆ ಬೇಡ. ಹತ್ತು ಮಕ್ಕಳು ಕೂಡಿ ಹಾಡುವಾಗ ಪ್ರತಿಯೊಬ್ಬನೂ ಪಕ್ಕದವನ ದನಿಯನ್ನು ಕೇಳಿಸಿಕೊಳ್ಳಲೇಬೇಕು. ತನ್ನ ದನಿಯನ್ನು ತಗ್ಗಿಸಬೇಕು, ಬೇಕಾದಾಗ ಏರಿಸಬೇಕು. ತಪ್ಪಿದರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಅಕ್ಷರದಲ್ಲಿ ಹಿಂದುಳಿದ ಹುಡುಗ ಇಲ್ಲಿ ಮುಂದಿರಬಹುದು. ಹದಿಹರೆಯದ ತಳಮಳಕ್ಕೆ ಹೇಳಿಕೊಳ್ಳುವ ದಾರಿಯೊಂದು ಸಿಗುತ್ತದೆ. ಶಾಲೆಗೆ ಇಷ್ಟು ಕಾರಣ ಸಾಲದೆ? ಹಂಗೇರಿಯಲ್ಲಿ ಜೋಲ್ತಾನ್ ಕೊಡಾಯಿ ಎಂಬ ಸಂಗೀತಗಾರರು ಹಳ್ಳಿಯ ಜನಪದ ಹಾಡುಗಳನ್ನೇ ಆಧರಿಸಿ ಸಂಗೀತ ಪಾಠ ರೂಪಿಸಿದರು. 1950ರಲ್ಲಿ ಅವರ ಹುಟ್ಟೂರು ಕೆಚ್ಕೆಮೆಟ್‌ನಲ್ಲಿ ದಿನವೂ ಹಾಡುವ ಪ್ರಾಥಮಿಕ ಶಾಲೆ ಆರಂಭವಾಯಿತು. ವಾದ್ಯ ಕೊಳ್ಳಲಾಗದವರಿಗೂ ಕಂಠ ಇದೆ ಎಂಬುದು ಅಲ್ಲಿನ ಸರಳ ತಿಳಿವಳಿಕೆ.

ಇನ್ನೊಂದು ಅಳುಕು ಧರ್ಮದ್ದು. ಅದನ್ನು ಮರೆಮಾಚುವುದು ಸರಿಯಲ್ಲ. ಸಂಗೀತ ಕೂಡದು ಎನ್ನುವ ಮತ್ತು ಮಿತಿಯೊಳಗೆ ಕೂಡುತ್ತದೆ ಎನ್ನುವ ಭಿನ್ನಾಭಿಪ್ರಾಯ ಮುಸ್ಲಿಂ ವಿದ್ವಾಂಸರಲ್ಲಿ ಶತಮಾನಗಳಿಂದ ಇದೆ. ಕರ್ನಾಟಕ ಸಂಗೀತದ ಮೊದಲ ಪಾಠಗಳಲ್ಲೇ ದೇವರ ಸ್ತುತಿ ಬರುತ್ತದೆ. ಬೇರೆ ಧರ್ಮದ ಮನೆಯವರು ‘ನಮ್ಮ ಮಗುವಿಗೆ ಇದು ಬೇಡ’ ಎಂದರೆ ಅವರನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಹಾಗೆಯೇ ಕವ್ವಾಲಿ ಹಾಡಿಸಿದರೆ ಮುನಿಯುವ ಹಿಂದೂ ಪಾಲಕರೂ ಇದ್ದಾರೆ. ಸರ್ಕಾರಿ ಶಾಲೆಯ ಸಂಗೀತ ಪಾಠ ಯಾವ ಧರ್ಮದ ಪ್ರಾರ್ಥನೆಯೂ ಆಗಬೇಕಿಲ್ಲ. ಸ್ವರ, ಲಯ, ಕೇಳುವ ಕ್ರಮ, ನೆಲದ ಪದ, ಸುಗ್ಗಿಯ ಹಾಡು, ಕವಿಗಳ ಗೀತೆ, ಇವಿಷ್ಟರಲ್ಲೇ ಹತ್ತು ವರ್ಷಕ್ಕಾಗುವಷ್ಟು ಪಾಠವಿದೆ. ಶಿಶುನಾಳ ಷರೀಫರು ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲಕಾಲ ಶಾಲಾ ಮೇಷ್ಟ್ರಾಗಿದ್ದವರು. ಗೋವಿಂದಭಟ್ಟರ ಶಿಷ್ಯರಾಗಿದ್ದವರು. ಮೇಷ್ಟ್ರಾಗಿದ್ದ ಈ ಪದಕಾರರ ನೆನಪು ಇಂಥ ಪಾಠಕ್ಕೆ ಒಳ್ಳೆಯ ಆರಂಭವಾದೀತು.

ಏನು ಮಾಡಬಹುದು?

ದೊಡ್ಡ ಯೋಜನೆಗೆ ಕಾಯಬೇಕಾಗಿಲ್ಲ. ನಮ್ಮ ಸರ್ಕಾರಿ ಶಾಲೆಗಳು ಆಗಲೇ ಕ್ಲಸ್ಟರುಗಳಾಗಿ ಗುಂಪಾಗಿವೆ. ನೂರು ಮಕ್ಕಳು ಎಂಬ ಲೆಕ್ಕವನ್ನು ಒಂದು ಶಾಲೆಗೆ ಅನ್ವಯಿಸದೆ ಕ್ಲಸ್ಟರಿಗೆ ಅನ್ವಯಿಸಿದರೆ ಸಾಕು, ಅಂಬಾಜಿದುರ್ಗ ಹೋಬಳಿಯ ಸಣ್ಣ ಶಾಲೆಗಳಿಗೂ ಒಬ್ಬ ಸಂಗೀತ ಬೋಧಕ ಸಿಗುತ್ತಾನೆ. ಸೋಮವಾರ ಒಂದು ಊರು, ಮಂಗಳವಾರ ಇನ್ನೊಂದು. ವಾರಕ್ಕೊಂದು ಗಂಟೆ ಸಾಕು. ಬೇಕಾದ ಉಪಕರಣ ಒಂದು ಶ್ರುತಿಪೆಟ್ಟಿಗೆ, ಒಂದು ದಮ್ಮಡಿ. ಸಂಗೀತ ವಿಶ್ವವಿದ್ಯಾಲಯದಿಂದ ಪದವಿ ಪಡೆದು ಕೆಲಸವಿಲ್ಲದೆ ಕೂತ ಯುವಕ ಯುವತಿಯರಿಗೆ ಇದೊಂದು ಉದ್ಯೋಗವೂ ಆದೀತು. ಹಳ್ಳಿಯ ತತ್ವಪದದ ಹಿರಿಯರನ್ನು, ಸೋಬಾನೆ ಹಾಡುವ ಅಜ್ಜಿಯರನ್ನು, ಕವ್ವಾಲಿ ಬಲ್ಲವರನ್ನು ವರ್ಷಕ್ಕೆ ನಾಲ್ಕಾರು ಸಲ ಶಾಲೆಗೆ ಕರೆದು, ಗೌರವಧನ ಕೊಟ್ಟು ಹಾಡಿಸಬೇಕು. ತನ್ನ ಅಜ್ಜಿಯ ಹಾಡನ್ನು ಮೇಷ್ಟ್ರು ಕೈಕಟ್ಟಿ ಕೂತು ಕೇಳುವುದನ್ನು ನೋಡಿದ ಮಗುವಿಗೆ ತನ್ನ ಮನೆಯ ಬಗ್ಗೆ ಇರುವ ಕೀಳರಿಮೆ ಅಷ್ಟಾದರೂ ಕಡಿಮೆಯಾದೀತು.

ಮೌಲಾ ಬಕ್ಷರು ಪುಸ್ತಕ ಅಚ್ಚು ಹಾಕಿಸಿ ನೂರು ವರ್ಷಕ್ಕೂ ಹೆಚ್ಚಾಯಿತು. ಪಂಚಾಕ್ಷರಿ ಗವಾಯಿಗಳು ಭಿಕ್ಷೆಯ ಅನ್ನದಲ್ಲಿ ಮಾಡಿದ್ದನ್ನು ಸರ್ಕಾರ ತೆರಿಗೆಯ ಹಣದಲ್ಲಿ ಮಾಡಲಾರದೆ? ಬಳೆಯ ಮಲಾರ ಹೊತ್ತು ತಿರುಗಿದ ತಾತಯ್ಯನಿಗೆ ಯಾವ ಶಾಲೆಯೂ ಸಂಗೀತ ಕಲಿಸಲಿಲ್ಲ, ನಿಜ. ಆದರೆ ಅವರ ಪದಗಳು ಉಳಿದದ್ದು ಅವನ್ನು ಕೇಳಿ, ಕಲಿತು, ಮುಂದಿನವರಿಗೆ ಹೇಳಿಕೊಟ್ಟವರಿಂದ. ಅಂಬಾಜಿದುರ್ಗದ ಕೆಳಗಿನ ಶಾಲೆಯಲ್ಲಿ ಇಂದು ಬೆಳಗ್ಗೆ ಪ್ರಾರ್ಥನೆಗೆ ನಿಂತ ಮಕ್ಕಳ ಸಾಲಿನಲ್ಲೂ ಒಳ್ಳೆಯ ಕಂಠಗಳು ಇದ್ದೇ ಇರುತ್ತವೆ. ಅವನ್ನು ಗುರುತಿಸಿ, ಕೂರಿಸಿ, ವಾರಕ್ಕೊಂದು ಗಂಟೆ ಕಲಿಸುವ ಒಬ್ಬರನ್ನು ಕಳಿಸಿಕೊಡಿ ಎಂದು ಪಾಲಕರು, ಶಾಲಾಭಿವೃದ್ಧಿ ಸಮಿತಿಗಳು ಕೇಳಲು ಆರಂಭಿಸಬೇಕು.